ಮನೆಯ ರಿಗ್ ಅನ್ನು ಹೊರಗಿನಿಂದ ನಡೆಸಲು ರೌಟರ್‌ನಲ್ಲಿ ಪೋರ್ಟ್ ತೆರೆಯುವುದು ಹೇಗೆ?

ನೀವು ಹ್ಯಾಮ್ ರೇಡಿಯೋ ಹವ್ಯಾಸಿ. ಒಳ್ಳೆಯ ಆಂಟೆನಾ ಮನೆಯ ಮೇಲಿದೆ, ರಿಗ್ (ರೇಡಿಯೋ ಸೆಟ್) ಶ್ಯಾಕ್‌ನಲ್ಲಿದೆ (ರೇಡಿಯೋ ಇಟ್ಟ ಕೋಣೆ), ನೀವು ಮಾತ್ರ ಬೇರೆಲ್ಲೋ ಇದ್ದೀರಿ. ಕೈಯಲ್ಲಿ ಲ್ಯಾಪ್‌ಟಾಪ್, ಇಂಟರ್ನೆಟ್ ಎರಡೂ ಇವೆ. ಇಷ್ಟಿದ್ದರೆ ನಿಮ್ಮದೇ ಸ್ಟೇಷನ್ನಿಂದ ಬ್ಯಾಂಡ್ ಕೇಳಬಹುದು, ಕರೆ ಕೊಡಬಹುದು. ನಡುವೆ ಅಡ್ಡ ನಿಲ್ಲುವುದು ಮನೆಯ ರೌಟರ್. ಅದಕ್ಕೆ ಸರಿಯಾಗಿ ಹೇಳಿಕೊಟ್ಟರೆ ಅಡ್ಡಿ ಹೋಗುತ್ತದೆ. ಆ ಹೇಳಿಕೊಡುವ ಕೆಲಸಕ್ಕೇ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ.

ರೌಟರ್ ವಠಾರದ ಗೇಟಿನ ಕಾವಲುಗಾರನ ಹಾಗೆ. ಒಳಗಿನವರು ಹೊರಗೆ ಹೋಗಿ ಬಂದರೆ ಗುರುತು ಇಟ್ಟುಕೊಂಡು ಒಳಗೆ ಬಿಡುತ್ತಾನೆ. ಹೊರಗಿನಿಂದ ಕರೆಯದೆ ಬಂದವರನ್ನು ಯಾರ ಮನೆಗೆ ಕಳಿಸಬೇಕೆಂದು ಅವನಿಗೆ ಗೊತ್ತಿಲ್ಲ, ವಾಪಸ್ ಕಳಿಸುತ್ತಾನೆ. "ಈ ನಂಬರ್ ಹೇಳಿಕೊಂಡು ಬಂದವರನ್ನು ಆ ಮನೆಗೆ ಕಳಿಸು" ಎಂದು ಮೊದಲೇ ಬರೆದುಕೊಡುವುದೇ ನಮ್ಮ ಕೆಲಸ. ನಂಬರ್ ಅಂದರೆ ಪೋರ್ಟ್. ಮನೆ ಅಂದರೆ ನಿಮ್ಮ ರಿಗ್ ಅಥವಾ ಶ್ಯಾಕ್ ಕಂಪ್ಯೂಟರಿನ ಐಪಿ ವಿಳಾಸ.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಜಾಸ್ತಿ ಜನ ನೇರವಾಗಿ ರೌಟರ್ ಪುಟ ತೆರೆದು ನಂಬರ್ ತುಂಬಿಸುತ್ತಾರೆ. ಕೆಲಸ ಆಗದಿದ್ದರೆ ತಪ್ಪು ರಿಗ್‌ನಲ್ಲಿದೆಯಾ, ರೌಟರ್‌ನಲ್ಲಿದೆಯಾ, ಇಂಟರ್ನೆಟ್ ಕಂಪನಿಯ ಕಡೆ ಇದೆಯಾ ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಮನೆಯೊಳಗೆ ನಡೆಯಲಿ

ಹೊರಗಿನ ಮಾತು ಆಮೇಲೆ. ಅದೇ ಮನೆಯ ನೆಟ್‌ವರ್ಕ್‌ನಲ್ಲಿ, ಇನ್ನೊಂದು ಕೋಣೆಯಲ್ಲಿ ಕೂತು ಲ್ಯಾಪ್‌ಟಾಪ್‌ನಿಂದ ರಿಗ್ ನಡೆಸಿ ನೋಡಿ. ಫ್ರೀಕ್ವೆನ್ಸಿ ಬದಲಾಗಬೇಕು, ಆಡಿಯೋ ಬರಬೇಕು, ಡಮ್ಮಿ ಲೋಡ್‌ಗೆ (ಆಂಟೆನಾ ಬದಲು ಹಾಕುವ, ಸಿಗ್ನಲ್ ಹೊರಗೆ ಬಿಡದ ಸಾಧನ) ಟ್ರಾನ್ಸ್‌ಮಿಟ್ ಆಗಬೇಕು. ಇಷ್ಟೂ ಆಗುವವರೆಗೆ ರೌಟರ್ ಮುಟ್ಟಬೇಡಿ.

ಉದಾಹರಣೆಗೆ ಐಕಾಮ್ ರಿಗ್‌ಗಳನ್ನೇ ತೆಗೆದುಕೊಳ್ಳೋಣ. ಐಸಿ-7610, ಐಸಿ-9700 ಎರಡಕ್ಕೂ ಹಿಂದೆ ಲ್ಯಾನ್ ಸಾಕೆಟ್ ಇದೆ. ಐಸಿ-705ಕ್ಕೆ ವೈಫೈ ಇದೆ. ಈ ಮೂರರಲ್ಲೂ ಸರ್ವರ್ ರಿಗ್ ಒಳಗೇ ಇರುತ್ತದೆ, ಮಧ್ಯೆ ಕಂಪ್ಯೂಟರ್ ಬೇಕಿಲ್ಲ. ಐಸಿ-7300ಕ್ಕೆ ನೆಟ್‌ವರ್ಕ್ ಸೌಲಭ್ಯ ಇಲ್ಲ. ಅದನ್ನು ಯುಎಸ್‌ಬಿ ಕೇಬಲ್‌ನಲ್ಲಿ ಒಂದು ಕಂಪ್ಯೂಟರಿಗೆ ಕೊಟ್ಟು, ಆ ಕಂಪ್ಯೂಟರಿನಲ್ಲಿ ಸರ್ವರ್ ಸಾಫ್ಟ್‌ವೇರ್ ಓಡಿಸಬೇಕು. ಈ ವ್ಯತ್ಯಾಸ ನೆನಪಿಡಿ, ಯಾಕಂದ್ರೆ ಮುಂದೆ ಪೋರ್ಟನ್ನು ಯಾರ ಕಡೆ ತಿರುಗಿಸಬೇಕು ಎಂಬುದು ಇದರ ಮೇಲೆ ನಿಂತಿದೆ.

ರಿಗ್‌ನ ನೆಟ್‌ವರ್ಕ್ ಮೆನುವಿನಲ್ಲಿ ನೆಟ್‌ವರ್ಕ್ ಕಂಟ್ರೋಲ್ ಆನ್ ಮಾಡಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ರಿಗ್ ಆಫ್ ಮಾಡಿ ಮತ್ತೆ ಆನ್ ಮಾಡಿ. ನೆಟ್‌ವರ್ಕ್ ಸೆಟ್ಟಿಂಗ್ ಬದಲಾದರೆ ಮರುಚಾಲನೆ ಆಗುವವರೆಗೆ ಅದು ಜಾರಿಗೆ ಬರುವುದಿಲ್ಲ. ಐಸಿ-7610ರಲ್ಲಿ ರಿಮೋಟ್ ಬಳಕೆಗೆಂದೇ ಪವರ್ ಆಫ್ ಸೆಟ್ಟಿಂಗ್ ಒಂದಿದೆ. ಅದನ್ನು ಸ್ಟ್ಯಾಂಡ್‌ಬೈ ಕಡೆಗೆ ಇಟ್ಟರೆ ರಿಗ್ ಆಫ್ ಆದ ಮೇಲೂ ನೆಟ್‌ವರ್ಕ್ ಎಚ್ಚರವಾಗಿರುತ್ತದೆ, ದೂರದಿಂದ ಮತ್ತೆ ಆನ್ ಮಾಡಬಹುದು. ಇದನ್ನು ಬಿಟ್ಟರೆ ಒಮ್ಮೆ ದೂರದಿಂದ ಆಫ್ ಮಾಡಿದ ರಿಗ್ ನೀವು ಮನೆಗೆ ಬರುವವರೆಗೂ ಆಫ್ ಆಗಿಯೇ ಇರುತ್ತದೆ.

ಸರ್ವರ್ ಕಂಪ್ಯೂಟರ್ ಇದ್ದರೆ ಎರಡು ಕೆಲಸ: ಅದು ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗ್ ಬದಲಿಸಿ, ಅದರ ಫೈರ್‌ವಾಲ್‌ನಲ್ಲಿ ನಿಮ್ಮ ಸಾಫ್ಟ್‌ವೇರ್‌ಗೆ ಒಳಬರುವ ಸಂಪರ್ಕಕ್ಕೆ ಅನುಮತಿ ಕೊಡಿ.

ನಿಮ್ಮ ಮನೆಗೆ ನಿಜವಾದ ಹೊರ ವಿಳಾಸ ಇದೆಯೇ?

ಇದು ತುಂಬಾ ಮುಖ್ಯ. ಇದನ್ನು ನೋಡದೆ ಮುಂದೆ ಹೋದವರು ದಿನಗಟ್ಟಲೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ.

ರೌಟರ್ ಪುಟಕ್ಕೆ ಹೋಗಿ. ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಎಂದು ಕೊಟ್ಟರೆ ಡೀಫಾಲ್ಟ್ ಗೇಟ್‌ವೇ ಎಂದು ಒಂದು ವಿಳಾಸ ತೋರಿಸುತ್ತದೆ. ಅದೇ ರೌಟರ್‌ನದು. ಅದನ್ನು ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಥವಾ ಇಂಟರ್ನೆಟ್ ಐಪಿ ಎಂದಿರುವ ವಿಳಾಸ ಬರೆದುಕೊಳ್ಳಿ. ಈಗ ಅದೇ ಮನೆಯಿಂದ "ನನ್ನ ಐಪಿ ಯಾವುದು" ಎಂದು ತೋರಿಸುವ ಯಾವುದಾದರೂ ಜಾಲತಾಣ ನೋಡಿ.

ಎರಡೂ ಒಂದೇ ಆಗಿದ್ದರೆ ನೀವು ಮುಂದೆ ಹೋಗಬಹುದು.

ಬೇರೆ ಬೇರೆ ಆಗಿದ್ದರೆ ನಡುವೆ ಇನ್ನೊಂದು ರೌಟರ್ ಇದೆ. ಅದು ಎಲ್ಲಿದೆ ಎಂಬುದನ್ನು ವ್ಯಾನ್ ವಿಳಾಸವೇ ಹೇಳುತ್ತದೆ. 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮನ್ನು ಇಂಟರ್ನೆಟ್ ಕಂಪನಿ ತನ್ನ ದೊಡ್ಡ ನ್ಯಾಟ್ (ಹಲವು ಒಳ ವಿಳಾಸಗಳನ್ನು ಒಂದು ಹೊರ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಹಿಂದೆ ಇಟ್ಟಿದೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ, ಈ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಒಂದೇ ಹೊರ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ. ಆ ದೊಡ್ಡ ನ್ಯಾಟ್ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ನಿಮ್ಮ ರೌಟರ್‌ನಲ್ಲಿ ಏನು ಬರೆದರೂ ಪ್ರಯೋಜನ ಇಲ್ಲ.

192.168, 10 ಅಥವಾ 172.16ರಿಂದ 172.31ರ ಒಳಗೆ ಶುರುವಾದರೆ ಎರಡು ಸಾಧ್ಯತೆ. ಕಂಪನಿ ಕೊಟ್ಟ ಮೋಡೆಮ್ ತಾನೇ ರೌಟರ್ ಆಗಿ, ಅದರ ಹಿಂದೆ ನಿಮ್ಮ ಸ್ವಂತ ರೌಟರ್ ಕೂತಿರಬಹುದು. ಆಗ ಮೋಡೆಮನ್ನು ಬ್ರಿಜ್ ಮೋಡ್‌ಗೆ (ರೌಟರ್ ಕೆಲಸ ಬಿಟ್ಟು ಬರೀ ಮೋಡೆಮ್ ಆಗಿರುವ ಸೆಟ್ಟಿಂಗ್) ಹಾಕಿ. ಆಗದಿದ್ದರೆ ಎರಡೂ ಕಡೆ ನಿಯಮ ಬರೆಯಬೇಕು: ಮೋಡೆಮ್‌ನಿಂದ ರೌಟರ್‌ಗೆ, ರೌಟರ್‌ನಿಂದ ರಿಗ್‌ಗೆ. ಮನೆಯಲ್ಲಿ ಇರುವುದು ಒಂದೇ ಪೆಟ್ಟಿಗೆ ಆಗಿದ್ದರೆ ಇದೂ ಸಿಜಿನ್ಯಾಟೇ. ಕೆಲವು ಕಂಪನಿಗಳು ಅದಕ್ಕೆ 10ರಿಂದ ಶುರುವಾಗುವ ವಿಳಾಸ ಬಳಸುತ್ತವೆ.

ಸಿಜಿನ್ಯಾಟ್ ಹಿಂದೆ ಇದ್ದರೆ ದಾರಿ ಮುಚ್ಚಿಲ್ಲ. ಕಂಪನಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೇಳಿ. ಸ್ಟ್ಯಾಟಿಕ್ ಐಪಿ ಆಗಲೇಬೇಕೆಂದಿಲ್ಲ, ಬದಲಾಗುವ ಪಬ್ಲಿಕ್ ಐಪಿ ಇದ್ದರೂ ಸಾಕು. ಅದೂ ಸಿಗದಿದ್ದರೆ ವಿಪಿಎನ್ (ಇಂಟರ್ನೆಟ್ ಮೇಲೆ ಮನೆಯ ನೆಟ್‌ವರ್ಕ್‌ಗೆ ಗೂಢಲಿಪಿಯ ಖಾಸಗಿ ದಾರಿ) ಇದೆ, ಅದರ ಮಾತು ಮುಂದೆ ಬರುತ್ತದೆ.

ರಿಗ್‌ನ ಒಳ ವಿಳಾಸ ಕದಲದಿರಲಿ

ರೌಟರ್ ಡಿಎಚ್‌ಸಿಪಿ ಮೂಲಕ ಪ್ರತಿ ಸಾಧನಕ್ಕೂ ವಿಳಾಸ ಹಂಚುತ್ತದೆ. ಇವತ್ತು ರಿಗ್‌ಗೆ 192.168.1.50 ಸಿಕ್ಕಿದ್ದು ಕರೆಂಟ್ ಹೋಗಿ ಬಂದ ಮೇಲೆ 192.168.1.57 ಆಗಬಹುದು. ನಿಯಮ ಮಾತ್ರ ಹಳೇ ವಿಳಾಸಕ್ಕೇ ಕಳಿಸುತ್ತಾ ಇರುತ್ತದೆ. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂದಿರುತ್ತದೆ. ಅಲ್ಲಿ ರಿಗ್‌ನ ಮ್ಯಾಕ್ ವಿಳಾಸಕ್ಕೆ (ಪ್ರತಿ ಸಾಧನಕ್ಕೂ ಇರುವ ಗುರುತು ಸಂಖ್ಯೆ) ಒಂದು ಐಪಿ ಕಟ್ಟಿಹಾಕಿ. ರಿಗ್‌ನಲ್ಲೇ ಸ್ಟ್ಯಾಟಿಕ್ ಐಪಿ ಬರೆಯುವುದಕ್ಕಿಂತ ನನಗೆ ಇದು ಮೇಲು ಅನಿಸುತ್ತದೆ. ಎಲ್ಲ ವಿಳಾಸಗಳೂ ಒಂದೇ ಪುಟದಲ್ಲಿ ಕಾಣುತ್ತವೆ, ಎರಡು ಸಾಧನಗಳಿಗೆ ಒಂದೇ ವಿಳಾಸ ಬೀಳುವ ಭಯ ಇಲ್ಲ.

ಲ್ಯಾನ್ ಸಾಕೆಟ್ ಇರುವ ರಿಗ್‌ಗೆ ಕೇಬಲ್ಲೇ ಹಾಕಿ. ವೈಫೈ ಕಡಿದು ಕಡಿದು ಬಂದರೆ ಆಡಿಯೋದಲ್ಲಿ ಅದು ಕೂಡಲೇ ಕೇಳಿಸುತ್ತದೆ.

ಯಾವ ಪೋರ್ಟ್ ತೆರೆಯಬೇಕು?

ಪೋರ್ಟ್ ನಂಬರ್ 65535ರವರೆಗೆ ಇವೆ. ನಮಗೆ ಬೇಕಾದ್ದು ಬೆರಳೆಣಿಕೆ. ಟಿಸಿಪಿ ಮತ್ತು ಯುಡಿಪಿ, ಅಂದರೆ ಡೇಟಾ ಕಳಿಸುವ ಎರಡು ವಿಧಾನಗಳು, ಬೇರೆ ಬೇರೆ ಎಂಬುದು ಗಮನದಲ್ಲಿರಲಿ. ಯುಡಿಪಿ ಬೇಕಾದಲ್ಲಿ ಟಿಸಿಪಿ ತೆರೆದರೆ ಏನೂ ಬರುವುದಿಲ್ಲ.

ಐಕಾಮ್ ರಿಗ್‌ಗಳು, ಅವುಗಳ ಆರ್‌ಎಸ್-ಬಿಎ1 ಸಾಫ್ಟ್‌ವೇರ್, ಹಾಗೂ ಅದೇ ಭಾಷೆ ಮಾತಾಡುವ ಡಬ್ಲ್ಯುಎಫ್‌ವ್ಯೂ ಸಾಫ್ಟ್‌ವೇರ್ ಬಳಸುವುದು ಯುಡಿಪಿ 50001, 50002, 50003. ಮೊದಲನೆಯದು ಲಾಗಿನ್ ಮತ್ತು ನಿಯಂತ್ರಣಕ್ಕೆ, ಎರಡನೆಯದು ರಿಗ್‌ಗೆ ಹೋಗುವ ಸೀರಿಯಲ್ ಕಮಾಂಡ್‌ಗಳಿಗೆ, ಮೂರನೆಯದು ಆಡಿಯೋಗೆ. ಎಕೋಲಿಂಕ್‌ಗೆ (ಹ್ಯಾಮ್‌ಗಳು ಇಂಟರ್ನೆಟ್ ಮೂಲಕ ಮಾತಾಡುವ ಸೇವೆ) ಯುಡಿಪಿ 5198 ಮತ್ತು 5199 ಒಳಬರಬೇಕು. ಅದರ ಟಿಸಿಪಿ 5200 ಹೊರಗೆ ಹೋಗುವುದು ಮಾತ್ರ, ಅದಕ್ಕೆ ಫಾರ್ವರ್ಡ್ ಬೇಡ. ಎಕೋಲಿಂಕ್‌ನ ಈ ನಂಬರ್‌ಗಳನ್ನು ಬದಲಿಸಲು ಬರುವುದಿಲ್ಲ, ಆದ್ದರಿಂದ ಒಂದು ಹೊರ ವಿಳಾಸದ ಹಿಂದೆ ನೇರವಾಗಿ ಒಂದೇ ಎಕೋಲಿಂಕ್ ನಡೆಯುತ್ತದೆ. ರಿಗ್ ಅನ್ನು ಇಂಟರ್ನೆಟ್ ಮೇಲೆ ನಡೆಸುವ ರಿಮೋಟ್‌ರಿಗ್ ಪೆಟ್ಟಿಗೆಗಳು ಯುಡಿಪಿ 5060, 13000, 13001 ಬಳಸುತ್ತವೆ. ಇಲ್ಲಿ 5060 ಇಂಟರ್ನೆಟ್ ಫೋನ್‌ಗಳ ಪೋರ್ಟ್ ಕೂಡ ಹೌದು. ಹಲವು ರೌಟರ್‌ಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಈ ಪ್ಯಾಕೆಟ್‌ಗಳನ್ನು ತಿದ್ದಿ ಕೆಡಿಸುತ್ತದೆ, ಅದನ್ನು ಆಫ್ ಮಾಡಿ. ರೇಡಿಯೋಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ಆಲ್‌ಸ್ಟಾರ್ ನೋಡ್‌ಗೆ ಯುಡಿಪಿ 4569. ಬ್ರೌಸರ್‌ನಲ್ಲೇ ಕೇಳುವ ಕೀವಿ ಎಸ್‌ಡಿಆರ್ ರಿಸೀವರ್‌ಗೆ ಟಿಸಿಪಿ 8073.

ಇವೆಲ್ಲ ತಯಾರಕರು ಕೊಟ್ಟ ಮೊದಲ ಸೆಟ್ಟಿಂಗ್. ನಿಮ್ಮ ರಿಗ್‌ನ ಮೆನುವಿನಲ್ಲಿ ಏನಿದೆ ಎಂದು ಕಣ್ಣಾರೆ ನೋಡಿಕೊಂಡೇ ಮುಂದುವರಿಯಿರಿ.

ರೌಟರ್‌ನಲ್ಲಿ ನಿಯಮ ಬರೆಯುವುದು

ರೌಟರ್ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುಯಲ್ ಸರ್ವರ್ ಎಂಬ ಹೆಸರು ಹುಡುಕಿ. ಕೆಲವು ರೌಟರ್‌ಗಳಲ್ಲಿ ಇದು ನ್ಯಾಟ್ ಅಥವಾ ಫೈರ್‌ವಾಲ್ ವಿಭಾಗದ ಒಳಗೆ ಇರುತ್ತದೆ. ಹೊಸ ನಿಯಮಕ್ಕೆ ಐದು ವಿವರ ಬೇಕು. ಐಸಿ-7610ಕ್ಕೆ ಹೀಗೆ ಬರೆಯಬಹುದು:

ಹೆಸರು: ರಿಗ್ ಕಂಟ್ರೋಲ್
ಪ್ರೋಟೋಕಾಲ್: ಯುಡಿಪಿ
ಹೊರ ಪೋರ್ಟ್: 50001
ಒಳ ಐಪಿ: 192.168.1.50
ಒಳ ಪೋರ್ಟ್: 50001

ಇದೇ ರೀತಿ 50002, 50003ಕ್ಕೂ ಮಾಡಿ. ರೌಟರ್ ಒಪ್ಪಿದರೆ 50001-50003 ಎಂದು ಒಂದೇ ಸಾಲಿನಲ್ಲಿ ಬರೆಯಬಹುದು. ಐಸಿ-7300 ಆದರೆ ಒಳ ಐಪಿಯ ಜಾಗದಲ್ಲಿ ಕಂಪ್ಯೂಟರಿನ ವಿಳಾಸ ಹಾಕಿ.

ಹೊರ ಪೋರ್ಟ್ ಬೇರೆ, ಒಳ ಪೋರ್ಟ್ ಬೇರೆ ಇಡಲು ರೌಟರ್ ಬಿಡುತ್ತದೆ. ಐಕಾಮ್ ವಿಷಯದಲ್ಲಿ ಹಾಗೆ ಮಾಡಬೇಡಿ. ನಿಮ್ಮ ಸಾಫ್ಟ್‌ವೇರ್ ಮೊದಲು ಕಂಟ್ರೋಲ್ ಪೋರ್ಟ್‌ಗೆ ಬಂದು ಲಾಗಿನ್ ಆಗುತ್ತದೆ. ಆಗ ರಿಗ್ "ನನ್ನ ಸೀರಿಯಲ್ ಪೋರ್ಟ್ ಇದು, ಆಡಿಯೋ ಪೋರ್ಟ್ ಇದು" ಎಂದು ತನ್ನ ಮೆನುವಿನಲ್ಲಿರುವ ನಂಬರ್‌ಗಳನ್ನು ಹೇಳುತ್ತದೆ. ಸಾಫ್ಟ್‌ವೇರ್ ಆ ನಂಬರ್‌ಗಳಿಗೇ ಬಂದು ತಟ್ಟುತ್ತದೆ. ರೌಟರ್‌ನಲ್ಲಿ ನೀವು ಬೇರೆ ನಂಬರ್ ಇಟ್ಟಿರುವುದು ರಿಗ್‌ಗೆ ಗೊತ್ತಿಲ್ಲ. ಮನೆಯಲ್ಲಿ ಎರಡು ಐಕಾಮ್ ರಿಗ್ ಇದ್ದರೆ ಎರಡನೆಯದರ ಮೆನುವಿನಲ್ಲೇ 50011, 50012, 50013 ಎಂದು ಬದಲಿಸಿ, ರೌಟರ್‌ನಲ್ಲೂ ಅವೇ ನಂಬರ್ ಬರೆಯಿರಿ.

ಅದೇ ಪುಟದ ಅಕ್ಕಪಕ್ಕ ಡಿಎಂಜೆಡ್ ಎಂಬ ಆಯ್ಕೆ ಕಾಣುತ್ತದೆ. ಅದರಲ್ಲಿ ರಿಗ್ ಅಥವಾ ಕಂಪ್ಯೂಟರಿನ ವಿಳಾಸ ಹಾಕಿದರೆ ಎಲ್ಲವೂ ತಟ್ಟಂತ ಕೆಲಸ ಮಾಡುತ್ತದೆ, ನಿಜ. ಆದರೆ ಅದು ನಿಯಮ ಇಲ್ಲದ ಎಲ್ಲ ಪೋರ್ಟ್‌ಗಳನ್ನೂ ಆ ಸಾಧನದ ಕಡೆಗೆ ತೆರೆದುಬಿಡುತ್ತದೆ. ದಯವಿಟ್ಟು ಬಳಸಬೇಡಿ. ಯುಪಿಎನ್‌ಪಿ ಎಂಬ ಸೌಲಭ್ಯವೂ ಹಾಗೆಯೇ. ಮನೆಯೊಳಗಿನ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳುತ್ತದೆ. ಬೇರೆ ಕಾರಣಕ್ಕೆ ಬೇಕಿಲ್ಲದಿದ್ದರೆ ಆಫ್ ಮಾಡಿ.

ಬದಲಾಗುವ ವಿಳಾಸಕ್ಕೆ ಒಂದು ಹೆಸರು

ಹೊರ ವಿಳಾಸ ಆಗಾಗ ಬದಲಾಗುವುದಾದರೆ ಡೈನಾಮಿಕ್ ಡಿಎನ್‌ಎಸ್ ಬಳಸಿ. ರೌಟರ್ ತನ್ನ ಹೊಸ ವಿಳಾಸವನ್ನು ತಾನಾಗಿಯೇ ಆ ಸೇವೆಗೆ ತಿಳಿಸುತ್ತದೆ, ನೀವು ಯಾವಾಗಲೂ ಒಂದೇ ಹೆಸರಿನಿಂದ ಸಂಪರ್ಕಿಸುತ್ತೀರಿ. ಹೆಸರಿನಲ್ಲಿ ನಿಮ್ಮ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಸ್ಟೇಷನ್ ಗುರುತು) ಹಾಕಬೇಡಿ ಎಂಬುದು ನನ್ನ ಸಲಹೆ. ಊಹಿಸಲು ಅಷ್ಟು ಸುಲಭವಾದದ್ದು ಇನ್ನೊಂದಿಲ್ಲ.

ಹೊರಗಿನಿಂದ ಪರೀಕ್ಷೆ

ಮನೆಯ ವೈಫೈನಲ್ಲಿ ಕೂತು ಹೊರ ವಿಳಾಸಕ್ಕೆ ಸಂಪರ್ಕಿಸಿ ನೋಡುವುದು ಪರೀಕ್ಷೆಯೇ ಅಲ್ಲ. ಒಳಗಿನಿಂದ ಹೊರಟು ಹೊರ ವಿಳಾಸ ಮುಟ್ಟಿ ಮತ್ತೆ ಒಳಗೆ ಬರುವ ಪ್ಯಾಕೆಟ್‌ಗಳನ್ನು ಕೆಲವು ರೌಟರ್‌ಗಳು ನಿಭಾಯಿಸುವುದಿಲ್ಲ. ಎಲ್ಲ ಸರಿಯಿದ್ದರೂ ತಪ್ಪಿದಂತೆ ಕಾಣುತ್ತದೆ. ಮೊಬೈಲ್ ಡೇಟಾ ಆನ್ ಮಾಡಿ, ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ, ಆಮೇಲೆ ಪ್ರಯತ್ನಿಸಿ.

ಇನ್ನೊಂದು ಬಲೆ: ಪೋರ್ಟ್ ತೆರೆದಿದೆಯಾ ಎಂದು ನೋಡಿ ಹೇಳುವ ಜಾಲತಾಣಗಳು. ಅವು ಸಾಮಾನ್ಯವಾಗಿ ಟಿಸಿಪಿ ಮಾತ್ರ ನೋಡುತ್ತವೆ. ನಿಮ್ಮ 50001 ಯುಡಿಪಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದರೂ ಅವು "ಮುಚ್ಚಿದೆ" ಎಂದೇ ಹೇಳುತ್ತವೆ. ಆ ಮಾತು ನಂಬಿ ಸರಿಯಿರುವ ನಿಯಮ ಅಳಿಸಬೇಡಿ.

ಆಗದಿದ್ದರೆ ಲಕ್ಷಣ ನೋಡಿ. ಲಾಗಿನ್ ಕೂಡ ಆಗುತ್ತಿಲ್ಲ ಅಂದರೆ 50001 ತಲುಪುತ್ತಿಲ್ಲ: ಹೊರ ವಿಳಾಸ, ಒಳ ಐಪಿ, ಯುಡಿಪಿ ಆಯ್ಕೆ ಮತ್ತೆ ನೋಡಿ. ಲಾಗಿನ್ ಆಯಿತು, ರಿಗ್‌ನ ಹೆಸರೂ ಬಂತು, ಆದರೆ ಫ್ರೀಕ್ವೆನ್ಸಿ ಕಾಣುವುದಿಲ್ಲ ಅಂದರೆ 50002. ಡಯಲ್ ತಿರುಗುತ್ತದೆ, ಸದ್ದೇ ಇಲ್ಲ ಅಂದರೆ 50003, ಅಥವಾ ಲ್ಯಾಪ್‌ಟಾಪ್‌ನಲ್ಲಿ ಆರಿಸಿದ ಸೌಂಡ್ ಡಿವೈಸ್ ತಪ್ಪಾಗಿದೆ. ಸರ್ವರ್ ಕಂಪ್ಯೂಟರ್ ಇದ್ದವರಿಗೆ ಇನ್ನೂ ಖಚಿತ ದಾರಿ ಇದೆ. ಅದರಲ್ಲಿ ವೈರ್‌ಶಾರ್ಕ್ (ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಫ್ಟ್‌ವೇರ್) ತೆರೆದು ಪೋರ್ಟ್ 50001ಕ್ಕೆ ಸೋಸಿ ಹಿಡಿಯಿರಿ. ಹೊರಗಿನಿಂದ ಪ್ರಯತ್ನಿಸುವಾಗ ಪ್ಯಾಕೆಟ್ ಬಂದದ್ದು ಕಂಡರೆ ರೌಟರ್ ತನ್ನ ಕೆಲಸ ಮಾಡಿದೆ, ದೋಷ ಕಂಪ್ಯೂಟರಿನ ಫೈರ್‌ವಾಲ್ ಅಥವಾ ಸಾಫ್ಟ್‌ವೇರ್‌ನಲ್ಲಿದೆ. ಒಂದೂ ಕಾಣದಿದ್ದರೆ ದೋಷ ರೌಟರ್‌ನಲ್ಲಿ ಅಥವಾ ಅದರಾಚೆ.

ಎಲ್ಲ ಬಂತು, ಆದರೆ ಮಾತು ಕಡಿಯುತ್ತದೆ ಅಂದರೆ ಮನೆಯ ಅಪ್‌ಲೋಡ್ ವೇಗ ನೋಡಿ. ರಿಗ್ ಕೇಳಿದ್ದೆಲ್ಲ ನಿಮಗೆ ಬರುವುದು ಅದರ ಮೇಲೆ. 16 ಬಿಟ್, 16 ಕಿಲೋಹರ್ಟ್ಸ್ ಆಡಿಯೋಗೆ ಸೆಕೆಂಡಿಗೆ 256 ಕಿಲೋಬಿಟ್ ಬೇಕು. 8 ಕಿಲೋಹರ್ಟ್ಸ್ ಯು-ಲಾ (ಆಡಿಯೋ ಕುಗ್ಗಿಸುವ ಒಂದು ಕ್ರಮ) ಆಯ್ದರೆ 64 ಸಾಕು. ಪ್ಯಾಕೆಟ್‌ಗಳ ಹೊದಿಕೆಗೆಂದು ಮೇಲೆ ಸ್ವಲ್ಪ ಸೇರಿಸಿಕೊಳ್ಳಿ. ಎಸ್‌ಎಸ್‌ಬಿ ಮಾತಿಗೆ 8 ಕಿಲೋಹರ್ಟ್ಸ್ ಧಾರಾಳ. ವೇಗ ಇದ್ದೂ ಕಡಿದರೆ ಸಾಫ್ಟ್‌ವೇರ್‌ನಲ್ಲಿ ಲೇಟೆನ್ಸಿ ಬಫರ್ ಸ್ವಲ್ಪ ಜಾಸ್ತಿ ಮಾಡಿ. ಟ್ರಾನ್ಸ್‌ಮಿಟ್ ಮಾಡಿದ ಕೂಡಲೇ ಸಂಪರ್ಕ ಬೀಳುವುದಾದರೆ ಅದು ಇಂಟರ್ನೆಟ್ ದೋಷವೇ ಅಲ್ಲದಿರಬಹುದು. ನಿಮ್ಮದೇ ಆರ್‌ಎಫ್ (ರೇಡಿಯೋ ಸಿಗ್ನಲ್) ಲ್ಯಾನ್ ಕೇಬಲ್ ಅಥವಾ ರೌಟರ್ ಒಳಗೆ ನುಗ್ಗುತ್ತಿದೆ. ಕೇಬಲ್‌ಗೆ ಫೆರೈಟ್ (ಆರ್‌ಎಫ್ ತಡೆಯುವ ಉಂಗುರ) ಹಾಕಿ, ಪವರ್ ಇಳಿಸಿ ನೋಡಿ.

ತೆರೆಯಲೇಬಾರದ ಪೋರ್ಟ್‌ಗಳು

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ತೆರೆದ ಪೋರ್ಟ್‌ಗಳನ್ನು ಹುಡುಕುವ ಯಂತ್ರಗಳು ಇಂಟರ್ನೆಟ್‌ನಲ್ಲಿ ಹಗಲೂ ರಾತ್ರಿ ಓಡುತ್ತಿರುತ್ತವೆ. ನಿಮ್ಮ ಮನೆಯನ್ನೂ ಅವು ತಟ್ಟುತ್ತವೆ.

ರಿಗ್ ನಡೆಸುವ ಹ್ಯಾಮ್‌ಲಿಬ್ ಸಾಫ್ಟ್‌ವೇರ್‌ನ ರಿಗ್‌ಸಿಟಿಎಲ್‌ಡಿ ಟಿಸಿಪಿ 4532ರಲ್ಲಿ ಕೇಳುತ್ತದೆ. ರೋಟರ್ ತಿರುಗಿಸುವ ಅದರ ಜೊತೆಗಾರ 4533ರಲ್ಲಿ. ಮಾಮೂಲಿಯಾಗಿ ಓಡಿಸಿದರೆ ಇವು ಪಾಸ್‌ವರ್ಡ್ ಕೇಳುವುದೇ ಇಲ್ಲ. ಅವನ್ನು ಹೊರಗೆ ತೆರೆದರೆ ಯಾರು ಬೇಕಾದರೂ ನಿಮ್ಮ ರಿಗ್‌ನ ಪಿಟಿಟಿ (ಟ್ರಾನ್ಸ್‌ಮಿಟ್ ಮಾಡಲು ಒತ್ತುವ ಗುಂಡಿ) ಒತ್ತಬಹುದು, ಆಂಟೆನಾ ತಿರುಗಿಸಬಹುದು. ಗಾಳಿಯಲ್ಲಿ ಹೋಗುವುದು ನಿಮ್ಮ ಸ್ಟೇಷನ್ನಿನ ಸಿಗ್ನಲ್, ಉತ್ತರ ಕೊಡಬೇಕಾದವರು ನೀವು. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ 3389, ಅದರಂಥದ್ದೇ ವಿಎನ್‌ಸಿಯ 5900, ರೌಟರ್ ಅಥವಾ ಪೆಟ್ಟಿಗೆಗಳ ಸೆಟ್ಟಿಂಗ್ ಪುಟದ 80 ಕೂಡ ಹೊರಗೆ ಬೇಡ.

ಪೋರ್ಟ್ ನಂಬರ್ ಬದಲಿಸಿದರೆ ತಟ್ಟುವವರ ಸಂಖ್ಯೆ ಕಡಿಮೆ ಆಗುತ್ತದೆ, ಅಷ್ಟೇ. ಅದು ಬೀಗವಲ್ಲ. ಐಕಾಮ್‌ನ ಪಾಸ್‌ವರ್ಡ್ ಕೂಡ ದಾರಿಯಲ್ಲಿ ಬಲವಾದ ಗೂಢಲಿಪಿಯಲ್ಲಿ ಹೋಗುವುದಿಲ್ಲ. ಬ್ಯಾಂಕ್‌ಗೋ ಇಮೇಲ್‌ಗೋ ಇಟ್ಟ ಪಾಸ್‌ವರ್ಡ್ ಇಲ್ಲಿ ಹಾಕಬೇಡಿ, ಇದಕ್ಕೇ ಉದ್ದನೆಯದೊಂದು ಇಡಿ.

ಇದಕ್ಕಿಂತ ಒಳ್ಳೆಯ ದಾರಿ ವಿಪಿಎನ್. ನಿಮ್ಮ ರೌಟರ್‌ನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಇದ್ದರೆ ಯುಡಿಪಿ 51820 ಒಂದನ್ನೇ ತೆರೆಯಿರಿ. ಸರಿಯಾದ ಕೀ ಇಲ್ಲದೆ ಬಂದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಒಳಗೆ ಬಂದ ಮೇಲೆ ನೀವು ಮನೆಯಲ್ಲೇ ಇದ್ದಂತೆ. 50001ರಿಂದ 50003ರವರೆಗೆ ಬರೆದ ನಿಯಮಗಳನ್ನು ಅಳಿಸಬಹುದು, ರಿಗ್‌ಸಿಟಿಎಲ್‌ಡಿ ಕೂಡ ನಿಶ್ಚಿಂತೆಯಿಂದ ಬಳಸಬಹುದು. ಸಿಜಿನ್ಯಾಟ್ ಹಿಂದೆ ಇರುವವರಿಗೆ ಟೇಲ್‌ಸ್ಕೇಲ್‌ನಂಥ ಸೇವೆಗಳಿವೆ. ಅವಕ್ಕೆ ಪೋರ್ಟ್ ತೆರೆಯುವುದೇ ಬೇಡ, ಎರಡೂ ತುದಿಗಳು ಒಳಗಿನಿಂದ ಹೊರಗೆ ಹೊರಟು ಭೇಟಿಯಾಗುತ್ತವೆ. ರಿಗ್ ಒಳಗೆ ಅದನ್ನು ಹಾಕಲು ಬರುವುದಿಲ್ಲ ಅಲ್ವಾ, ಅದಕ್ಕೆ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಚಿಕ್ಕ ಕಂಪ್ಯೂಟರ್) ಇಟ್ಟು ಅದನ್ನು ಸಬ್‌ನೆಟ್ ರೌಟರ್ ಮಾಡಿ. ಪೈ ಮೂಲಕ ರಿಗ್‌ನ ಒಳ ವಿಳಾಸ ನೇರವಾಗಿ ಸಿಗುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಕಲಿತ ಮೇಲೂ ದಿನದ ಬಳಕೆಗೆ ನಾನು ಹೇಳುವುದು ಇದನ್ನೇ.

ಟ್ರಾನ್ಸ್‌ಮಿಟ್ ಮಾಡುವ ಮೊದಲು

ರಿಮೋಟ್ ಸ್ಟೇಷನ್ ನಡೆಸಲು ನಿಮ್ಮ ಲೈಸೆನ್ಸ್ ಏನು ಹೇಳುತ್ತದೆ ಎಂದು ಓದಿ. ದೇಶದಿಂದ ದೇಶಕ್ಕೆ ನಿಯಮ ಬೇರೆ. ರಿಗ್‌ನ ಟೈಮ್‌ಔಟ್ ಟೈಮರ್ (ಟ್ರಾನ್ಸ್‌ಮಿಟ್ ತಾನಾಗಿ ನಿಲ್ಲಿಸುವ ಗಡಿಯಾರ) ಆನ್ ಮಾಡಿ, ನಿಮ್ಮ ಅತಿ ಉದ್ದದ ಓವರ್‌ಗಿಂತ (ಒಂದು ಸಲದ ಮಾತು) ಸ್ವಲ್ಪವೇ ಜಾಸ್ತಿ ಸಮಯ ಇಡಿ.

ಆಮೇಲೆ ಈ ಪರೀಕ್ಷೆ ಮಾಡಿ. ಆಂಟೆನಾ ತೆಗೆದು ಡಮ್ಮಿ ಲೋಡ್ ಹಾಕಿ, ಪವರ್ ಕನಿಷ್ಠಕ್ಕೆ ಇಳಿಸಿ. ಶ್ಯಾಕ್‌ನಲ್ಲಿ ರಿಗ್ ನೋಡುತ್ತಾ ಒಬ್ಬರು ಕೂರಲಿ. ನೀವು ಮೊಬೈಲ್ ಡೇಟಾದಿಂದ ಸಂಪರ್ಕಿಸಿ, ಪಿಟಿಟಿ ಒತ್ತಿ ಹಿಡಿದು, ಮಧ್ಯದಲ್ಲೇ ಮೊಬೈಲ್ ಡೇಟಾ ಆಫ್ ಮಾಡಿ. ರಿಗ್ ಎಷ್ಟು ಹೊತ್ತಿಗೆ ರಿಸೀವ್‌ಗೆ ಮರಳಿತು ಎಂದು ಅವರು ಹೇಳಬೇಕು. ಕೆಲವೇ ಸೆಕೆಂಡುಗಳಲ್ಲಿ ಮರಳಿದರೆ ಒಳ್ಳೆಯದು. ಟೈಮರ್ ಮುಗಿಯುವವರೆಗೆ ಟ್ರಾನ್ಸ್‌ಮಿಟ್‌ನಲ್ಲೇ ನಿಂತರೆ ಟೈಮರ್ ಇನ್ನೂ ಚಿಕ್ಕದು ಮಾಡಿ. ಟೈಮರ್ ಮುಗಿದರೂ ನಿಲ್ಲದಿದ್ದರೆ ಆ ಸ್ಟೇಷನ್ ದೂರದಿಂದ ನಡೆಸಲು ಇನ್ನೂ ತಯಾರಾಗಿಲ್ಲ. ಪವರ್ ಸಪ್ಲೈಯನ್ನು ಮನೆಯ ಇಂಟರ್ನೆಟ್ ಬಿಟ್ಟು ಬೇರೆ ದಾರಿಯಿಂದ, ಅಂದರೆ ಸಿಮ್ ಕಾರ್ಡ್ ಹಾಕಿದ ಜಿಎಸ್‌ಎಂ ರಿಲೇ ಥರದ್ದರಿಂದ ಕಡಿಯುವ ವ್ಯವಸ್ಥೆ ಮಾಡಿ, ಅದೂ ಸರಿಯಾಗಿ ಕಡಿಯುತ್ತದೆ ಎಂದು ಇದೇ ರೀತಿ ನೋಡಿಕೊಂಡ ಮೇಲೆಯೇ ಡಮ್ಮಿ ಲೋಡ್ ತೆಗೆದು ಆಂಟೆನಾ ಹಾಕಿ.